ಎರೆ ಸೀಮೆಯಿಂದ ಚಿಲ್ಕಾಕ್ಕೆ: ನೌಕಾಪಡೆ ಸೇರಲು ತಯಾರಿ ಹೇಗೆ?

ಅಧಿಸೂಚನೆ ಬಂದ ಮೇಲೆ ಬೂಟು ಕೊಂಡು ಓಡಲು ಶುರು ಮಾಡಿದರೆ ಸಮಯ ಸಾಲುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಕ್ಕಳಿಗೆ ಮೈಯಲ್ಲಿ ಕಸುವಿದೆ, ದುಡಿದು ರೂಢಿಯಿದೆ. ಎಡವುವುದು ಸಣ್ಣ ಸಂಗತಿಗಳಲ್ಲಿ: ಆಧಾರ್‌ನಲ್ಲಿ ತಪ್ಪಿದ ಹೆಸರು, ಕಿವಿಯಲ್ಲಿ ಕೂತ ಗುಗ್ಗೆ, ಇಂಗ್ಲಿಷ್ ವಿಭಾಗದ 25 ಪ್ರಶ್ನೆ. ಒಂದು ವರ್ಷ ಮೊದಲೇ ಕೈಹಾಕಿದರೆ ಇವೆಲ್ಲ ಊರಲ್ಲೇ ಸರಿಹೋಗುವ ಕೆಲಸ.

ಯಾವುದಕ್ಕೆ ಅರ್ಜಿ?

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ನಾವಿಕರ ನೇಮಕ ಬಹುಮಟ್ಟಿಗೆ ನಾಲ್ಕು ವರ್ಷದ ಸೇವೆಯ ಅಗ್ನಿವೀರರಾಗಿಯೇ ನಡೆಯುತ್ತದೆ. ಪಿಯುಸಿಯಲ್ಲಿ ಗಣಿತ, ಭೌತವಿಜ್ಞಾನ ಓದಿ ಒಟ್ಟು ಶೇ 50 ಅಂಕ ಪಡೆದವರಿಗೆ ಸೀನಿಯರ್ ಸೆಕೆಂಡರಿ ರಿಕ್ರೂಟ್ ಅಂದರೆ ಎಸ್‌ಎಸ್‌ಆರ್. ಕೆಲವು ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರೂ ಇದಕ್ಕೆ ಹಾಕಬಹುದು. ಎಸ್‌ಎಸ್‌ಎಲ್‌ಸಿ ಆದವರಿಗೆ ಮೆಟ್ರಿಕ್ ರಿಕ್ರೂಟ್ ಅಂದರೆ ಎಂಆರ್. ಅಡುಗೆ, ಊಟೋಪಚಾರ, ಸ್ವಚ್ಛತೆಯ ವಿಭಾಗಗಳು ಇದರಲ್ಲಿ ಬರುತ್ತವೆ. ಕಲಾ, ವಾಣಿಜ್ಯ ಪಿಯುಸಿ ಮಾಡಿದವರು ಎಸ್‌ಎಸ್‌ಆರ್‌ಗೆ ಅರ್ಜಿ ಹಾಕಿ ಶುಲ್ಕ ಕಳೆದುಕೊಳ್ಳಬಾರದು. ವಯಸ್ಸು ಹದಿನೇಳೂವರೆಯಿಂದ 21, ಮದುವೆ ಆಗಿರಬಾರದು. ಎತ್ತರ ಹುಡುಗರಿಗೆ ಕನಿಷ್ಠ 157 ಸೆಂ.ಮೀ.; ಹುಡುಗಿಯರ ಮಿತಿಯನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಜನ್ಮದಿನಾಂಕದ ಮಿತಿ ಪ್ರತಿ ಬ್ಯಾಚಿಗೂ ಬೇರೆ. ಒಂದು ದಿನ ಆಚೀಚೆಯಾದರೂ ಅರ್ಜಿ ತಿರಸ್ಕಾರವಾಗುತ್ತದೆ.

ಮೊದಲು ಕಾಗದಪತ್ರ

ನಮ್ಮ ಕಡೆ ಹೆಸರು ಬರೆಯುವ ರೀತಿಯೇ ತೊಡಕು ತರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಸಪ್ಪ ಅಂಗಡಿ’ ಎಂದಿದ್ದರೆ ಆಧಾರ್‌ನಲ್ಲಿ ‘ಮಂಜುನಾಥ ಅಂಗಡಿ’, ಪಿಯುಸಿಯಲ್ಲಿ ‘ಮಂಜುನಾಥ ಬಿ. ಅಂಗಡಿ’ ಎಂದಿರುತ್ತದೆ. ಮನೆಯವರಿಗೆ ಮೂವರೂ ಒಬ್ಬನೇ, ದಾಖಲೆ ತಪಾಸಣೆಯ ಮೇಜಿಗೆ ಹಾಗಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವೆಂದು ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ಶಾಲೆ, ಮಂಡಳಿ ಎಂದು ತಿಂಗಳುಗಟ್ಟಲೆ ಓಡಾಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಆದ್ದರಿಂದ ಇಂಗ್ಲಿಷ್ ಅಕ್ಷರಗಳನ್ನು ಅಂಕಪಟ್ಟಿ ಎದುರಿಗಿಟ್ಟುಕೊಂಡು ಒಂದೊಂದಾಗಿ ಓದಿ ನೋಡಿಯೇ ಒಪ್ಪಿಗೆ ಕೊಡಿ. ತಂದೆ-ತಾಯಿಯ ಹೆಸರಿಗೂ ಇದೇ ಮಾತು.

ಆಯ್ಕೆಪಟ್ಟಿ ರಾಜ್ಯವಾರು ತಯಾರಾಗುವುದರಿಂದ ವಾಸಸ್ಥಳ ಪ್ರಮಾಣಪತ್ರ ಬೇಕೇ ಬೇಕು. ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಅರ್ಜಿಯನ್ನು ಕಂಪ್ಯೂಟರ್ ಸೆಂಟರಿನಲ್ಲಿ ತುಂಬಿಸುವವರು ಒಂದು ಎಚ್ಚರ ವಹಿಸಬೇಕು. ಅಲ್ಲಿನವರು ಗಡಿಬಿಡಿಯಲ್ಲಿ ತಮ್ಮದೇ ಇ-ಮೇಲ್ ಹಾಕಿಬಿಟ್ಟರೆ ಮುಂದಿನ ಕರೆಪತ್ರವೆಲ್ಲ ಆ ವಿಳಾಸಕ್ಕೇ ಹೋಗುತ್ತದೆ. ಸ್ವಂತ ಇ-ಮೇಲ್, ಸ್ವಂತ ಮೊಬೈಲ್ ಸಂಖ್ಯೆ ಕೊಡಿ. ನೇಮಕ ಮುಗಿಯುವವರೆಗೆ ಸಿಮ್ ಬದಲಿಸಬೇಡಿ. ಶುಲ್ಕ ಈಚಿನ ಅಧಿಸೂಚನೆಗಳಲ್ಲಿ 550 ರೂಪಾಯಿ ಮತ್ತು ಜಿಎಸ್‌ಟಿ. ಇದನ್ನು ಬಿಟ್ಟರೆ ಯಾರಿಗೂ ಒಂದು ರೂಪಾಯಿ ಕೊಡುವ ಪ್ರಸಂಗವೇ ಇಲ್ಲ. ‘ಸೀಟು ಮಾಡಿಸಿಕೊಡ್ತೀನಿ’ ಎಂದು ಬರುವವನನ್ನು ಹೊಸ್ತಿಲು ದಾಟಿಸಬೇಡಿ.

ಕಂಪ್ಯೂಟರ್ ಪರೀಕ್ಷೆ

ಎಸ್‌ಎಸ್‌ಆರ್‌ಗೆ 60 ನಿಮಿಷದಲ್ಲಿ 100 ಪ್ರಶ್ನೆ: ಇಂಗ್ಲಿಷ್, ವಿಜ್ಞಾನ, ಗಣಿತ, ಸಾಮಾನ್ಯ ಜ್ಞಾನ. ಒಂದು ಪ್ರಶ್ನೆಗೆ 36 ಸೆಕೆಂಡು. ತಪ್ಪಿಗೆ ಕಾಲು ಅಂಕ ಕಡಿತ. 70 ಪ್ರಶ್ನೆ ಬಿಡಿಸಿ 54 ಸರಿ, 16 ತಪ್ಪಾದರೆ ಕೈಗೆ ಸಿಗುವುದು 50. ಒಟ್ಟು ಅಂಕದ ಜೊತೆಗೆ ಪ್ರತಿ ವಿಭಾಗದಲ್ಲೂ ಪಾಸಾಗಬೇಕು. ಗಣಿತದಲ್ಲಿ 22 ಬಂದು ಇಂಗ್ಲಿಷಿನಲ್ಲಿ ನೆಲಕಚ್ಚಿದವರು ಅಲ್ಲಿಗೇ ಹೊರಗೆ.

ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿರುತ್ತವೆ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯ ಗೊತ್ತಿದ್ದರೂ ಪದ ಕೈಕೊಡುತ್ತದೆ. ಒಂದು ನೋಟುಬುಕ್ಕಿನಲ್ಲಿ ಎರಡು ಸಾಲು ಮಾಡಿ: ವೇಗೋತ್ಕರ್ಷ—ಅಕ್ಸೆಲರೇಷನ್, ಘರ್ಷಣೆ—ಫ್ರಿಕ್ಷನ್, ಜಡತ್ವ—ಇನರ್ಷಿಯಾ. ದಿನಕ್ಕೆ ಹತ್ತು ಪದದಂತೆ ಎರಡು ತಿಂಗಳಲ್ಲಿ ಆರುನೂರು ಪದ ಕೈವಶವಾಗುತ್ತವೆ.

ಸಾಮಾನ್ಯ ಜ್ಞಾನಕ್ಕೆ ನೌಕಾ ಇತಿಹಾಸ ಓದುವಾಗ ನಮ್ಮ ಮಣ್ಣಿನಿಂದಲೇ ಶುರು ಮಾಡಿ. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಹೋಗಿ ಪಶ್ಚಿಮ ಸಮುದ್ರದ ಲಕ್ಷ್ಮಿ ಎನಿಸಿದ್ದ ಪುರಿಯನ್ನು ಮುತ್ತಿದ್ದನ್ನು 634ರ ಐಹೊಳೆ ಶಾಸನ ಹೇಳುತ್ತದೆ. ಆ ಸಾಲಿನಲ್ಲಿ ಶಾಸನದ ಕವಿ ರವಿಕೀರ್ತಿ ಹಡಗುಗಳನ್ನು ಮದ್ದಾನೆಗಳಿಗೆ ಹೋಲಿಸಿದ್ದಾನೆ. ಸಮುದ್ರ ಬಯಲುಸೀಮೆಯವರಿಗೆ ಪರಕೀಯ ಎನ್ನುವವರು ಅದನ್ನೊಮ್ಮೆ ಓದಬೇಕು. ಕಾರವಾರದ ನೆಲೆ ಐಎನ್‌ಎಸ್ ಕದಂಬ, 2005ರಲ್ಲಿ ಕಾರ್ಯಾರಂಭ. ಹೆಸರು ಬನವಾಸಿಯ ಅರಸರದ್ದು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ನಡೆದ ಕ್ಷಿಪಣಿ ದಾಳಿಯ ನೆನಪಿಗೆ ನೌಕಾಪಡೆ ದಿನ. ಒಂದು ಬಿಡುವಿನ ದಿನ ಯಲ್ಲಾಪುರ, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗಿ ಕಡಲತೀರದಲ್ಲಿ ನಿಂತಿರುವ ಯುದ್ಧನೌಕೆ ಐಎನ್‌ಎಸ್ ಚಪಲದ ಒಳಗೆ ಇಳಿದು ನೋಡಿ. ಓಣಿ ಎಷ್ಟು ಇಕ್ಕಟ್ಟು, ಮಲಗುವ ಜಾಗ ಎಷ್ಟು ಎಂಬುದು ಕಣ್ಣಿಗೆ ಬಿದ್ದ ಮೇಲೆ ಈ ಕೆಲಸ ಬೇಕೋ ಬೇಡವೋ ನೀವೇ ಹೇಳಬಲ್ಲಿರಿ.

ಓಟ, ಬಸ್ಕಿ, ದಂಡ

ಹುಡುಗರಿಗೆ 1.6 ಕಿ.ಮೀ. ಆರೂವರೆ ನಿಮಿಷದಲ್ಲಿ, ಹುಡುಗಿಯರಿಗೆ 8 ನಿಮಿಷದಲ್ಲಿ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಹುಡುಗರಿಗೆ ಸುತ್ತಿಗೆ 97 ಸೆಕೆಂಡು, ಹುಡುಗಿಯರಿಗೆ 2 ನಿಮಿಷ. ಎಲ್ಲರೂ ಮಾಡುವ ತಪ್ಪು ಒಂದೇ: ಮೊದಲ ಸುತ್ತು 80 ಸೆಕೆಂಡಿನಲ್ಲಿ ಹಾರಿ, ಮೂರನೆಯದರಲ್ಲಿ ಉಸಿರು ಕಟ್ಟುವುದು. ವಾರದಲ್ಲಿ ಒಂದು ದಿನ 3 ಕಿ.ಮೀ. ನಿಧಾನ ಓಟ. ಇನ್ನೊಂದು ದಿನ ಆರು ಸಲ 400 ಮೀಟರ್, ಒಂದೊಂದೂ 95 ಸೆಕೆಂಡಿಗೆ, ನಡುವೆ 2 ನಿಮಿಷ ನಡಿಗೆ. ಶನಿವಾರ ಗಡಿಯಾರ ಹಿಡಿದು ಪೂರಾ 1.6 ಕಿ.ಮೀ. ಹೀಗೆ 12 ವಾರ. ಮಳೆಯಾದ ಎರೆಹೊಲದ ದಾರಿಯಲ್ಲಿ ಓಡಬೇಡಿ. ಬೂಟಿಗೆ ಮಣ್ಣು ಮೆತ್ತಿ ಕಾಲು ಉಳುಕುತ್ತದೆ. ಗರಸಿನ ದಾರಿ ಅಥವಾ ಜಿಲ್ಲಾ ಕ್ರೀಡಾಂಗಣ ಒಳ್ಳೆಯದು.

ಓಟದ ಜೊತೆಗೆ ಹುಡುಗರಿಗೆ ಈಚಿನ ಅಧಿಸೂಚನೆಯಂತೆ 20 ಬಸ್ಕಿ, 15 ಪುಷ್‌ಅಪ್, 15 ಸಿಟ್‌ಅಪ್. ಗರಡಿಮನೆಯಲ್ಲಿ ಪಳಗಿದವರಿಗೆ ಬಸ್ಕಿ ಸಲೀಸು. ಆದರೆ ಗರಡಿಯ ದಂಡ ಬೇರೆ, ಪುಷ್‌ಅಪ್ ಬೇರೆ: ಸೊಂಟ ಮೇಲೆತ್ತಿ ತೂಗುವ ಹಾಗಿಲ್ಲ, ತಲೆಯಿಂದ ಹಿಮ್ಮಡಿವರೆಗೆ ಮೈ ಹಲಗೆಯಂತಿರಬೇಕು. ಅರ್ಧಕ್ಕೆ ಇಳಿದದ್ದು ಎಣಿಕೆಗೆ ಬರುವುದಿಲ್ಲ.

ಈಜು ನೇಮಕದ ಪರೀಕ್ಷೆಯಲ್ಲಿಲ್ಲ, ಬಂದರೆ ಒಳ್ಳೆಯದು ಎಂದಷ್ಟೇ ಅಧಿಸೂಚನೆ ಹೇಳುತ್ತದೆ. ಕಲಿಯುವ ಹುಮ್ಮಸ್ಸಿನಲ್ಲಿ ಕೃಷಿಹೊಂಡಕ್ಕೆ ಮಾತ್ರ ಇಳಿಯಬೇಡಿ. ನಾಲ್ಕೂ ಕಡೆ ಇಳಿಜಾರು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಪಾಚಿ. ಈಜು ಬಲ್ಲವನಿಗೂ ಹಿಡಿದು ಹತ್ತಲು ಆಸರೆ ಸಿಗದು. ಪಟ್ಟಣದ ಈಜುಕೊಳದಲ್ಲಿ ಕಲಿಸುವವರಿದ್ದಾಗಲೇ ಕಲಿಯಿರಿ.

ವೈದ್ಯಕೀಯ ತಪಾಸಣೆ

ಮೂರು ತಿಂಗಳು ಮೊದಲೇ ಕಣ್ಣು, ಕಿವಿ, ಹಲ್ಲು ತೋರಿಸಿ. ಕಿವಿಯ ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಿ; ಕಡ್ಡಿ ಹಾಕಿದರೆ ತಮಟೆಗೇ ಪೆಟ್ಟು. ಬಣ್ಣಗುರುಡಿಗೆ ಚಿಕಿತ್ಸೆಯಿಲ್ಲ. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು ದೀಪ. ರಾತ್ರಿ ಎದುರಿನ ಹಡಗು ಯಾವ ಕಡೆ ಹೊರಟಿದೆ ಎಂದು ತಿಳಿಯುವುದು ಅವುಗಳಿಂದಲೇ. ಹಾಗಾಗಿ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಚುಕ್ಕಿಪಟದ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಮೊದಲೂ ಯೋಚಿಸಿ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಇದ್ದರೆ ತೊಡಕು. ಅನರ್ಹ ಎಂದರೆ ಮೇಲ್ಮನವಿಗೆ ಅವಕಾಶವಿದೆ. ಅಲ್ಲಿ ಕೊಡುವ ಕಾಗದವನ್ನು ಬಿಸಾಡಬೇಡಿ, ಗಡುವು ಅದರಲ್ಲೇ ಇರುತ್ತದೆ.

ಸಂಬಳ ಮತ್ತು ನಾಲ್ಕು ವರ್ಷ

ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ಸೇವಾನಿಧಿ ಎಂಬ ಉಳಿತಾಯಕ್ಕೆ ಹೋಗಿ ಕೈಗೆ 21,000. ನಾಲ್ಕನೇ ವರ್ಷ 40,000. ಸರ್ಕಾರವೂ ಅಷ್ಟೇ ನಿಧಿ ಸೇರಿಸಿ, ಕೊನೆಗೆ 10.04 ಲಕ್ಷ ಮತ್ತು ಬಡ್ಡಿ. ಪಿಂಚಣಿ ಇಲ್ಲ. ಕಾಯಂ ಆಗುವವರು ಗರಿಷ್ಠ ಶೇ 25. ತಂದೆ-ತಾಯಿಗೆ ಇದನ್ನು ಬಿಡಿಸಿ ಹೇಳಿಯೇ ಹೊರಡಿ. ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿ ಓದುವವರು ಅಧಿಕಾರಿ ಹುದ್ದೆಗೂ ಕಣ್ಣಿಡಬೇಕು: ವರ್ಷಕ್ಕೆ ಎರಡು ಬಾರಿ ನಡೆಯುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಎನ್‌ಡಿಎ ಪರೀಕ್ಷೆ, ಇಲ್ಲವೇ ಜೆಇಇ ಮೇನ್ ರ್‍ಯಾಂಕ್ ಮೇಲೆ ಕೇರಳದ ಎಳಿಮಲ ಅಕಾಡೆಮಿಯ ಬಿ.ಟೆಕ್. ಎರಡನೆಯದಕ್ಕೆ ಭೌತ, ರಸಾಯನ, ಗಣಿತದಲ್ಲಿ ಶೇ 70 ಬೇಕು.

ಚಿಲ್ಕಾಕ್ಕೆ

ಅಗ್ನಿವೀರರ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಅಂತಿಮ ವೈದ್ಯಕೀಯ ತಪಾಸಣೆಯೂ ಅಲ್ಲೇ. ಊರಲ್ಲಿ ಪಾಸಾದವರೂ ಅಲ್ಲಿಂದ ಮರಳಿದ್ದುಂಟು. ಕರೆಪತ್ರ ಬಂದ ಮೇಲೆ ಕಬಡ್ಡಿ, ಬೈಕು ಓಡಾಟ ನಿಲ್ಲಿಸಿ, ಓಟ ಮಾತ್ರ ಮುಂದುವರಿಸಿ. ಹುಬ್ಬಳ್ಳಿ, ಗದಗ ಮೇಲೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಒಡಿಶಾದ ಖುರ್ದಾ ರೋಡ್ ನಿಲ್ದಾಣ ದಾಟಿ ಹೋಗುತ್ತದೆ. ಅದು ನಿತ್ಯದ ಗಾಡಿಯಲ್ಲ, ವಾರ ನೋಡಿ ಟಿಕೆಟ್ ಮಾಡಿಸಿ. ಮೂಲ ದಾಖಲೆಗಳ ಚೀಲವನ್ನು ಟ್ರಂಕಿಗೆ ಹಾಕದೆ ಹೆಗಲಿಗೇ ಹಾಕಿಕೊಳ್ಳಿ.