ಆಗುಂಬೆಯ ಎರಡನೇ ಗೇರು ಮತ್ತು ನನ್ನ ಎರಡು ಕ್ಯಾಮ್‌ಗಳು

ನನ್ನ ಹಳೇ ಮಾರುತಿ ಎಸ್ಟೀಮ್ ಕಾರಿಗೆ ಎರಡು ಸಲ ಕ್ಯಾಮ್ (ಇಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ಶಾಫ್ಟ್) ಹಾಕಿಸಿದ್ದೇನೆ. ಮೊದಲನೆಯದು 288 ಡಿಗ್ರಿಯದ್ದು, ಈಗಿರುವುದು 260ರದ್ದು. ನಡುವೆ ಒಂದು ಇಡೀ ಮಳೆಗಾಲ ಹೋಯಿತು.

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಎಷ್ಟು ತಿರುಗುವ ತನಕ ವಾಲ್ವ್ ತೆರೆದಿರುತ್ತದೆ ಎನ್ನುವುದೇ ಈ ಡಿಗ್ರಿ, ಅಂದರೆ ಡ್ಯುರೇಶನ್. ಜಾಸ್ತಿ ಡಿಗ್ರಿ ಅಂದ್ರೆ ಜಾಸ್ತಿ ಪವರ್ ಅಂತ ನಾನು ನಂಬಿದ್ದೆ. ಉಡುಪಿಯ ಗ್ಯಾರೇಜಿನ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ನೀವು ಇದನ್ನು ಓಡಿಸುವುದು ಎಲ್ಲಿ ಮಾರಾಯ್ರೆ?" "ಆಟೋಕ್ರಾಸ್‌ನಲ್ಲಿ" ಅಂದೆ. ವರ್ಷಕ್ಕೆ ಎರಡು ಸಲ ಆಟೋಕ್ರಾಸ್ ರೇಸು, ಉಳಿದ ದಿನವೆಲ್ಲ ಮಣಿಪಾಲದ ಆಫೀಸು. ಅದನ್ನು ಹೇಳಲಿಲ್ಲ.

288 ಹಾಕಿಸಿಕೊಂಡೆ. 5,000 ಆರ್‌ಪಿಎಂ ದಾಟಿದರೆ ಅದು ಬೇರೆಯೇ ಗಾಡಿ. ಸುಳ್ಳು ಹೇಳುವುದಿಲ್ಲ, ಆ ಶಬ್ದಕ್ಕೇ ದುಡ್ಡು ಕೊಡಬಹುದು. ಆದರೆ ಉಡುಪಿಯ ಕಲ್ಸಂಕದ ಟ್ರಾಫಿಕ್‌ನಲ್ಲಿ ಎಸಿ ಹಾಕಿ ನಿಂತರೆ ಇಂಜಿನ್ ನಡುಗಿ ಆಫ್ ಆಗುತ್ತಿತ್ತು. ಪೆಟ್ರೋಲ್ ವಾಸನೆ ಬೇರೆ. ಎಮಿಷನ್ ಟೆಸ್ಟ್‌ನಲ್ಲಿ ಫೇಲ್.

ಕಾರಣ ಓವರ್‌ಲ್ಯಾಪ್. ಗಾಳಿ ಒಳಬರುವ ಇನ್‌ಲೆಟ್, ಹೊಗೆ ಹೊರಹೋಗುವ ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಅದು. ಲೆಕ್ಕ ಸುಲಭ: ಡ್ಯುರೇಶನ್‌ನಿಂದ ಇನ್‌ಲೆಟ್, ಎಕ್ಸಾಸ್ಟ್ ಲೋಬ್‌ಗಳ (ಕ್ಯಾಮ್ ಮೇಲಿನ ಉಬ್ಬುಗಳು) ನಡುವಿನ ಕೋನದ ಎರಡು ಪಟ್ಟು ಕಳೆಯಬೇಕು. ನನ್ನದರಲ್ಲಿ ಆ ಕೋನ 106, ಅಂದರೆ 288ರಲ್ಲಿ 212 ಕಳೆದು 76 ಡಿಗ್ರಿ. ಇಷ್ಟು ಓವರ್‌ಲ್ಯಾಪ್ ಇದ್ದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಓಡುವಾಗ) ಸುಟ್ಟ ಗ್ಯಾಸ್ ಇನ್‌ಲೆಟ್ ಕಡೆಗೇ ವಾಪಸ್ ಬರುತ್ತದೆ, ಅಲ್ಲಿನ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವ ಸೆಳೆತ) ಬೀಳುತ್ತದೆ. ವ್ಯಾಕ್ಯೂಮ್ ಬಿದ್ದದ್ದನ್ನು ನೋಡಿದ ಇಸಿಯು (ಇಂಜಿನ್ನಿನ ಕಂಪ್ಯೂಟರ್), ಇಂಜಿನ್ ಮೇಲೆ ಲೋಡ್ ಬಿದ್ದಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ವಾಸನೆ ಬಂದದ್ದು ಅದಕ್ಕೇ.

ಇದನ್ನೆಲ್ಲ ಸಹಿಸಿಕೊಂಡೆ. ಹೆದರಿದ್ದು ಆಗುಂಬೆಯಿಂದ ಇಳಿಯುವಾಗ. ಮುಂದೆ ಬಸ್ಸು, ಮಳೆ, ತೆವಳುವ ಸ್ಪೀಡು. ಕ್ಲಚ್ ಒತ್ತಿ ಮತ್ತೆ ಮತ್ತೆ ಬ್ರೇಕ್ ಮೆಟ್ಟುತ್ತಿದ್ದೆ. ನಾಲ್ಕನೇ ತಿರುವಿನ ಹತ್ತಿರ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಅದೇ ವ್ಯಾಕ್ಯೂಮ್‌ನಿಂದ ಅಲ್ವಾ? ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ವ್ಯಾಕ್ಯೂಮ್ ಸಾಕಷ್ಟು ಸಿಗುತ್ತದೆ, ಕ್ಲಚ್ ಒತ್ತಿದ ಕೂಡಲೇ ಇಲ್ಲ. ಮನೆಗೆ ಬಂದು ಗೇಜ್ ಹಾಕಿ ನೋಡಿದೆ. ಮೊದಲು ಐಡಲ್‌ನಲ್ಲಿ 18 ಇಂಚು (ಪಾದರಸದ ಲೆಕ್ಕ) ಇದ್ದದ್ದು ಈಗ 10.

ಎರಡನೇ ಸಲ ಕ್ಯಾಮ್ ನೋಡುವ ಮೊದಲು ರಸ್ತೆ ನೋಡಿದೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಕೈಗೆ ನೋಟ್‌ಬುಕ್ ಕೊಟ್ಟು ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದೆ. ಹದಿನಾಲ್ಕು ಹೇರ್‌ಪಿನ್. ತಿರುವು ಮುಗಿಸಿ ಎರಡನೇ ಗೇರಿನಲ್ಲಿ ಏಳುವಾಗ ಟ್ಯಾಕೋಮೀಟರ್ ತೋರಿಸಿದ್ದು 1,700ರಿಂದ 2,000. ಇಡೀ ಘಾಟಿಯಲ್ಲಿ 4,500 ದಾಟಿದ್ದು ಎರಡೇ ಕಡೆ. ನನ್ನ ಕ್ಯಾಮ್ ಎಚ್ಚರವಾಗುವುದೇ 5,000ಕ್ಕೆ! ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಕೆಳಗಿನ ಆರ್‌ಪಿಎಂನಲ್ಲಿ ಒಳಗೆ ಬಂದ ಗಾಳಿ ಹಿಂದಕ್ಕೇ ಹೋಗುತ್ತದೆ. ಪಿಕಪ್ ಎಲ್ಲಿಂದ ಬರಬೇಕು?

ಹಾಗಾಗಿ 260, ಲೋಬ್ ಕೋನ 110. ಓವರ್‌ಲ್ಯಾಪ್ 40ಕ್ಕೆ ಇಳಿಯಿತು.

ಕೊಳ್ಳುವವರಿಗೆ ಒಂದು ಮಾತು. ಒಬ್ಬರು ವಾಲ್ವ್ ಅಲುಗಿದಲ್ಲಿಂದ ಡಿಗ್ರಿ ಎಣಿಸುತ್ತಾರೆ, ಇನ್ನೊಬ್ಬರು 1 ಮಿ.ಮೀ. ಎದ್ದ ಮೇಲೆ. ಡಿಗ್ರಿ ವೀಲ್, ಡಯಲ್ ಗೇಜ್ ಇಟ್ಟು ಅಳೆದಾಗ ನನ್ನ 288ರ ಕ್ಯಾಮ್ 1 ಮಿ.ಮೀ. ಲೆಕ್ಕದಲ್ಲಿ ಬರೀ 248. ಎಲ್ಲಿಂದ ಅಳೆದದ್ದು ಅಂತ ಕೇಳದೆ ಎರಡು ಕ್ಯಾಮ್ ಹೋಲಿಸಬೇಡಿ. ಇನ್ನೊಂದು, ನನ್ನ ಇಂಜಿನ್‌ಗೆ 16 ವಾಲ್ವ್ ಇದ್ದರೂ ಕ್ಯಾಮ್ ಒಂದೇ. ಎರಡು ಕ್ಯಾಮ್ ಇರುವ ಇಂಜಿನ್‌ನಲ್ಲಿ ಲೋಬ್ ಕೋನವನ್ನು ಆಮೇಲೆ ಸ್ವಲ್ಪ ತಿದ್ದಬಹುದು. ನಮ್ಮದರಲ್ಲಿ ಗ್ರೈಂಡ್ ಮಾಡಿದ್ದೇ ಕೊನೆ. ಅಡ್ಜಸ್ಟ್ ಆಗುವ ಪುಲ್ಲಿ ಹಾಕಿದರೂ ಎಲ್ಲ ಲೋಬ್ ಒಟ್ಟಿಗೇ ಸರಿಯುತ್ತವೆ. ನಾನು 4 ಡಿಗ್ರಿ ಅಡ್ವಾನ್ಸ್ ಇಟ್ಟೆ (ವಾಲ್ವ್ ಬೇಗ ತೆರೆದು ಬೇಗ ಮುಚ್ಚುವ ಹಾಗೆ), ಕೆಳಗಿನ ಪಿಕಪ್ ಇನ್ನೂ ಸ್ವಲ್ಪ ಚುರುಕಾಯಿತು.

ಹೊಸ ಕ್ಯಾಮ್ ಹಾಕುವಾಗ ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಇಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವ್‌ಗೂ ಪಿಸ್ಟನ್‌ಗೂ ಎಷ್ಟು ಜಾಗ ಉಳಿದಿದೆ ಅಂತ ನೋಡಿದೆವು. ಲೋಬ್‌ಗೂ ವಾಲ್ವ್‌ಗೂ ನಡುವೆ ಇರುವ ಹಳೇ ರಾಕರ್‌ಗಳನ್ನು ಬಿಸಾಡಿದೆ, ಸವೆದ ರಾಕರ್ ಹೊಸ ಲೋಬನ್ನು ತಿಂದುಬಿಡುತ್ತದೆ. ಮೊದಲ ಸ್ಟಾರ್ಟ್ ಆದ ಮೇಲೆ ಐಡಲ್‌ಗೆ ಬಿಡದೆ 2,000ದ ಮೇಲೆ ಇಪ್ಪತ್ತು ನಿಮಿಷ ಇಟ್ಟೆವು. ತಣ್ಣಗಾದ ಮೇಲೆ ಮತ್ತೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು ಸರಿಮಾಡುವುದು.

ಈಗ ವ್ಯಾಕ್ಯೂಮ್ 16 ಇಂಚು. ಎಮಿಷನ್ ಪಾಸ್. ಎಸಿ ಹಾಕಿದಾಗ ಸಣ್ಣ ನಡುಕ ಇನ್ನೂ ಇದೆ, ಐಡಲ್ ಸ್ವಲ್ಪ ಏರಿಸಿ ನೋಡಬೇಕು. 288ರದ್ದಕ್ಕೆ ಗ್ರೀಸ್ ಬಳಿದು ಪೇಪರಿನಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. "ಅದೆಂತ ಕಬ್ಬಿಣ, ಗುಜರಿಗೆ ಹಾಕು" ಅಂತ ಅಮ್ಮ ಎರಡು ಸಲ ಹೇಳಿಯಾಯಿತು.