ಒಂದೇ ಹೆಸರಿನ ಯುದ್ಧನೌಕೆಗಳನ್ನು ಗುರುತಿಸುವ ಬಗೆ

ಕಲಬುರಗಿಯ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಭಾರತೀಯ ನೌಕಾಪಡೆಯ ಹಡಗುಗಳ ಹೆಸರುಗಳು ತೊಡಕಾಗುವುದು ಸಹಜ; ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ, ನಿವೃತ್ತವಾದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವ ಪದ್ಧತಿ ಅಲ್ಲಿದೆ.

ಆದ್ದರಿಂದ ಟಿಪ್ಪಣಿಯಲ್ಲಿ ಹೆಸರಿನ ಪಕ್ಕದಲ್ಲೇ ಸೇವೆಗೆ ಸೇರಿದ ವರ್ಷವನ್ನು ಬರೆಯಿರಿ. ಬ್ರಿಟನ್ನಿನಿಂದ ಪಡೆದ ವಿಮಾನವಾಹಕ ವಿಕ್ರಾಂತ್ 1961ರಲ್ಲಿ ಸೇರಿ 1997ರಲ್ಲಿ ನಿವೃತ್ತವಾಯಿತು. ಕೊಚ್ಚಿಯಲ್ಲಿ ನಿರ್ಮಿಸಿದ ಈಗಿನ ವಿಕ್ರಾಂತ್ 2022ರಲ್ಲಿ ಸೇರಿತು.

ಪಾರ್ಶ್ವದ ಮೇಲೆ ಬರೆದಿರುವ ಸಂಖ್ಯೆಯನ್ನಷ್ಟೇ ನಂಬಬೇಡಿ, ಏಕೆಂದರೆ ಎರಡೂ ವಿಕ್ರಾಂತ್‌ಗಳದು ಆರ್11.

ಮೂರನೆಯದಾಗಿ ಹಡಗಿನ ಬಗೆಯನ್ನು ನೋಡಿ. ನನ್ನ ಮಟ್ಟಿಗೆ ಹೆಚ್ಚು ಉಪಯುಕ್ತವಾದದ್ದು ಇದೇ. 1957ರ ಮೈಸೂರು, ಬ್ರಿಟಿಷ್ ನೌಕಾಪಡೆಯಲ್ಲಿ ನೈಜೀರಿಯಾ ಎಂಬ ಹೆಸರಿದ್ದ ಕ್ರೂಸರ್ (ದೊಡ್ಡ ಯುದ್ಧನೌಕೆ) ಆಗಿದ್ದು, ಅದರ ಗುರುತು ಸಿ60. 1999ರ ಮೈಸೂರು ಮುಂಬೈಯಲ್ಲಿ ಕಟ್ಟಿದ ಡಿಸ್ಟ್ರಾಯರ್ (ವೇಗದ ಯುದ್ಧನೌಕೆ), ಅದರ ಗುರುತು ಡಿ60. ಅಂಕಿ ಉಳಿದು ಅಕ್ಷರ ಬದಲಾಗಿರುವುದನ್ನು (ಕ್ರೂಸರ್‌ಗೆ ಸಿ, ಡಿಸ್ಟ್ರಾಯರ್‌ಗೆ ಡಿ) ಗಮನಿಸಿದರೆ ಬಗೆ ತಾನಾಗಿಯೇ ತಿಳಿಯುತ್ತದೆ.

ಮುಳುಗಿದ ಹಡಗಿನ ಹೆಸರನ್ನು ಕೈಬಿಡುತ್ತಾರೆಂದು ಭಾವಿಸಬಾರದು. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ದಾಳಿಗೆ ಖುಕ್ರಿ ಮುಳುಗಿತು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಜಲಸಮಾಧಿಯಾದರು. ಅದೇ ಹೆಸರು 1989ರಲ್ಲಿ ಕ್ಷಿಪಣಿ ಕಾರ್ವೆಟ್ಟಿಗೆ (ಸಣ್ಣ ಯುದ್ಧನೌಕೆಗೆ) ಬಂತು. ಜಲಾಂತರ್ಗಾಮಿಗಳಲ್ಲಿ ಕಲ್ವರಿಯನ್ನು ಇದೇ ಕ್ರಮದಲ್ಲಿ 1967 ಮತ್ತು 2017 ಎಂದು ಬೇರ್ಪಡಿಸಿಕೊಳ್ಳಿ.