ಗದುಗಿನಲ್ಲಿ ಹೊತ್ತು ನೋಡಿ ತಿರುಗಿದ್ದು

ಪಿಯುಸಿ ಮುಗಿಸಿ ಗದಗ ಬಿಟ್ಟಾಗ ನನಗೆ ಬೇಜಾರೇನೂ ಆಗಿರಲಿಲ್ಲ. ಬಿಸಿಲು, ಧೂಳು, ನಳದ ನೀರಿಗೆ ಕಾಯುವುದು, ಇಷ್ಟೇ ನಮ್ಮೂರು ಅಂದುಕೊಂಡಿದ್ದೆ. ನೆಂಟರು ಬಂದು ಏನು ನೋಡೋಣ ಅಂದರೆ ಹಂಪಿಯ ದಾರಿ ತೋರಿಸುತ್ತಿದ್ದೆವು. ಮನೆಯಿಂದಲೇ ಕೆಲಸ ಮಾಡುವಂತಾಗಿ ಊರಿಗೆ ವಾಪಸ್ ಬಂದ ಮೇಲೆ ಸುಮ್ನೆ ನಡೆಯಲು ಶುರು ಮಾಡಿದೆ. ಈಗ ಎಷ್ಟು ತಿರುಗಿದರೂ ಊರು ಮುಗಿಯುತ್ತಿಲ್ಲ.

ನಾನು ಮಾಡಿದ್ದು ಒಂದೇ. ಯಾವುದೇ ಜಾಗಕ್ಕೆ ಹೋಗುವ ಮುಂಚೆ ಅದರ ಹೊತ್ತು ಯಾವುದು ಅಂತ ಅಲ್ಲಿಯವರನ್ನೇ ಕೇಳುತ್ತಿದ್ದೆ. ನಮಗೆ ಬಿಡುವಾದಾಗ ಹೋದರೆ ಬಾಗಿಲು ಹಾಕಿದ ಗುಡಿ, ನಿಂತ ಮಗ್ಗ, ಖಾಲಿ ಕೆರೆ ಕಾಣುತ್ತವೆ. ಊರು ಸಪ್ಪೆ ಅನ್ನಿಸುವುದು ಅದಕ್ಕೇ.

ಮೊದಲು ಹೋಗಿದ್ದು ತ್ರಿಕೂಟೇಶ್ವರ ಗುಡಿಗೆ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಪೂಜೆ. ಅದೇ ಆವರಣದಲ್ಲಿ ಸರಸ್ವತಿ ಗುಡಿ ಇದೆ. ಅದರ ಕಂಬಗಳನ್ನು ನೋಡಬೇಕಾದರೆ ಬೆಳಗ್ಗೆಯೇ ಹೋಗಬೇಕು. ಓರೆ ಬೆಳಕು ಬಿದ್ದಾಗ ಕಂಬದ ಸುತ್ತ ಕೊರೆದ ಉಂಗುರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಕೆಲವು ಗೆರೆಗಳಂತೂ ದಾರದಷ್ಟು ಸಣ್ಣ. ನಡು ಮಧ್ಯಾಹ್ನ ಹೋದರೆ ಅದೇ ಕಂಬ ಬರೀ ಕಪ್ಪು ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಇಲ್ಲಿ ಬಳಪದ ಕಲ್ಲು ಬಳಸಿದ್ದಾರೆ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಇಷ್ಟು ನಾಜೂಕು ಕೆಲಸ ಸಾಧ್ಯವಾಗಿದ್ದು ಅದರಿಂದಲೇ. ಸರಸ್ವತಿಯ ಮೂರ್ತಿ ಭಗ್ನವಾಗಿದೆ. ಆದರೂ ಒಡವೆಗಳ ಕೆತ್ತನೆ ನೋಡುತ್ತಾ ನಿಂತರೆ ಕಾಲು ಕೀಳಲು ಮನಸ್ಸಾಗುವುದಿಲ್ಲ.

ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇದೆ. ಒದ್ದೆ ಬಟ್ಟೆಯಲ್ಲಿ ಬಂದು ಕೂತು, ಬಟ್ಟೆ ಆರುವ ತನಕ ಪದ್ಯ ಕಟ್ಟುತ್ತಿದ್ದ ಅಂತ ನಮ್ಮ ಕಡೆ ಹೇಳುತ್ತಾರೆ. ಶಾಲೆಯಲ್ಲಿ ಕಂಠಪಾಠ ಮಾಡಿದ್ದ ಷಟ್ಪದಿಗಳನ್ನು ಅಲ್ಲೇ ಕೂತು ಜೋರಾಗಿ ಓದಿದೆ. ಭಾಮಿನಿ ಷಟ್ಪದಿಯ ಓಟ ಬಾಯಿಬಿಟ್ಟು ಓದಿದಾಗಲೇ ಸಿಗೋದು. ‘ಗದುಗಿನ ವೀರನಾರಾಯಣ’ ಅನ್ನುವ ಮಾತನ್ನು ಆ ದೇವರೆದುರೇ ಹೇಳುವಾಗ ಮೈ ಜುಮ್ ಅಂದಿತು.

ಬೆಟಗೇರಿಗೆ ಮಾತ್ರ ಪದೇ ಪದೇ ಹೋದೆ. ಗದಗ-ಬೆಟಗೇರಿ ಒಂದೇ ನಗರಸಭೆ, ಜೋಡಿ ಊರು. ನೇಕಾರರ ಓಣಿಗಳಲ್ಲಿ ಮೊದಲಿನಷ್ಟು ಕೈಮಗ್ಗಗಳಿಲ್ಲ, ವಿದ್ಯುತ್ ಮಗ್ಗದ ಸದ್ದೇ ಜಾಸ್ತಿ. ಉಳಿದಿರುವ ಕುಣಿ ಮಗ್ಗದ ಹತ್ತಿರ ಕೂತು ನೋಡಲು ಒಬ್ಬ ಅಜ್ಜ ಜಾಗ ಕೊಟ್ಟರು. ನೆಲದ ಕುಣಿಯೊಳಗೆ ಕಾಲಿಳಿಸಿ ತುಳಿಮಣೆ ತುಳಿಯುತ್ತಾರೆ. ಉದ್ದಕ್ಕೆ ಎಳೆದ ಹಾಸಿನ ಎಳೆಗಳು ಮೇಲೆ ಕೆಳಗೆ ಬಾಯಿ ತೆರೆಯುತ್ತವೆ. ನಡುವೆ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ಪಕ್ಕದಲ್ಲಿ ಅಜ್ಜಿ ಕಂಡಿಕೆ, ಅಂದರೆ ಲಾಳಿಯೊಳಗಿಡುವ ನೂಲಿನ ಸುರುಳಿ, ಸುತ್ತುತ್ತಿದ್ದರು. ಒಂದು ಎಳೆ ಹರಿಯಿತು. ಅಜ್ಜ ಮಗ್ಗ ನಿಲ್ಲಿಸಿ, ಎರಡು ತುದಿ ಹುಡುಕಿ, ಬೆರಳಲ್ಲೇ ಹೊಸೆದು ಕೂಡಿಸಿದರು. ಗಂಟು ಎಲ್ಲಿ ಅಂತ ನನಗೆ ಕಾಣಲೇ ಇಲ್ಲ. ನೂಲಿಗೆ ಹಚ್ಚಿದ ಗಂಜಿ ಸರಿಯಾಗಿ ಹಿಡಿಯದಿದ್ದರೆ ಎಳೆ ಹೀಗೆ ಹರಿಯುತ್ತಲೇ ಇರುತ್ತದಂತೆ. ನಾನು ದಿನಾ ಶಾಲೆಗೆ ಹೋಗುತ್ತಿದ್ದ ದಾರಿಯ ಪಕ್ಕದ ಓಣಿ ಅದು! ಒಂದು ಸೀರೆಯ ಹಿಂದೆ ಮನೆಮಂದಿಯೆಲ್ಲ ಎಷ್ಟು ದುಡಿಯುತ್ತಾರೆ ಅಂತ ಅಲ್ಲಿ ಕೂತ ಮೇಲೆ ತಿಳಿಯಿತು. ಈಗ ಹಬ್ಬಕ್ಕೆ ನಮ್ಮ ಮನೆಯ ಸೀರೆ ಅಲ್ಲಿಂದಲೇ.

ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗುವುದಾದರೆ ರಿಯಾಜಿನ, ಅಂದರೆ ಸಂಗೀತಾಭ್ಯಾಸದ, ಹೊತ್ತು ಕೇಳಿಕೊಂಡು ಹೋಗಿ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ, ಮತ್ತೆಲ್ಲೋ ಒಬ್ಬ ಹುಡುಗ ರಾಗದ ಒಂದೇ ತಾನನ್ನು ತಿದ್ದಿ ತಿದ್ದಿ ಹಾಡುತ್ತಿರುತ್ತಾನೆ. ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಜಾಗ ಇದು. ಶುರು ಮಾಡಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ನಡೆಸಿಕೊಂಡು ಬಂದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. 2010ರಲ್ಲಿ ಪುಟ್ಟರಾಜರು ತೀರಿಕೊಂಡರು. ಕಲಿಕೆ ನಿಂತಿಲ್ಲ. ಇಂಥದ್ದನ್ನು ಊರಲ್ಲಿ ಇಟ್ಟುಕೊಂಡು ಇಲ್ಲಿ ಏನೂ ಇಲ್ಲ ಅನ್ನಬಾರದು, ಅಲ್ವಾ?

ಹೊರಗಿನ ಊರುಗಳಿಗೆ ಬೈಕಲ್ಲಿ ಹೋದೆ. 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಶುರುವಾದ ಕಣಗಿನಹಾಳ ನಮ್ಮ ತಾಲೂಕಿನಲ್ಲೇ ಇದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ನೋಡಿ, ಮುಸುಕಿನ ಬಾವಿಯ ಮೆಟ್ಟಿಲಿಳಿದು ಬನ್ನಿ. ಮಳೆಗಾಲ ಮುಗಿದ ಕೂಡಲೇ ಹೋದರೆ ಒಳ್ಳೆಯದು.

ಚಳಿಗಾಲದಲ್ಲಿ ಬರುವವರು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಬಿಡಬೇಡಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುತ್ತಿದ್ದಂತೆ ಕೆರೆಗೆ ವಾಪಸಾಗುತ್ತವೆ. ಹಾಗಾಗಿ ಬೆಳಗ್ಗೆ ಬೇಗ ಹೋಗಿ ಕಾಯಬೇಕು. ದುರ್ಬೀನು ತನ್ನಿ. ನೀರಿನ ಅಂಚಿಗೆ ಹೋಗಬೇಡಿ, ಹಿಂಡು ಎದ್ದುಬಿಡುತ್ತದೆ. ವಾಪಸ್ ಬರುವಾಗ ಗದಗ ಪ್ಯಾಟಿಯಲ್ಲಿ ಚುರುಮುರಿಯ ಗಿರಮಿಟ್ಟು, ಮಿರ್ಚಿ ಭಜಿ ತಿಂದೇ ಹೋಗಿ. ಅದಕ್ಕೆ ಮಾತ್ರ ಸಂಜೆಯೇ ಸರಿಯಾದ ಹೊತ್ತು.